ನಿಧಾನದ ಹುಳು, ಅವಸರದ ವಿಷ

ಮಲ್ಪೆ ಬೀಚಿನಲ್ಲಿ ಚುರುಮುರಿ ಗಾಡಿಗಳ ಸಾಲು ದಾಟಿದರೆ ಚಿಪ್ಪಿನ ಸಾಮಾನು ಮಾರುವ ಅಂಗಡಿ ಸಿಗುತ್ತದೆ. ಕಳೆದ ತಿಂಗಳು ಅಲ್ಲಿ ಒಂದು ಕೀ ಬಂಚ್ ತಗೊಂಡೆ. ನಲವತ್ತು ರೂಪಾಯಿ. ಹೆಬ್ಬೆರಳಿನಷ್ಟು ಉದ್ದದ ಚಿಪ್ಪು, ಐಸ್‌ಕ್ರೀಂ ಕೋನಿನ ಆಕಾರ. ಅಗಲದ ತುದಿಯಲ್ಲಿ ಸುರುಳಿ, ಮೈಮೇಲೆ ಕಂದು ಚುಕ್ಕಿಗಳ ಸಾಲು, ಒಂದು ಪಕ್ಕದಲ್ಲಿ ಉದ್ದಕ್ಕೂ ಸಪೂರ ಸೀಳು. ಸೀಳಿನೊಳಗೆ ಉಗುರು ತೂರಿಸಿದರೆ ಅರ್ಧಕ್ಕೇ ಸಿಕ್ಕಿಕೊಳ್ಳುತ್ತದೆ.

"ಇದು ಎಲ್ಲಿದು ಅಕ್ಕ?" ಅಂತ ಕೇಳಿದೆ.

"ಇಲ್ಲಿದಲ್ಲ ಮಾರಾಯ್ರೆ, ತಮಿಳುನಾಡಿಂದ ಮೂಟೆಯಲ್ಲಿ ಬರ್ತದೆ. ಎಂತ, ಇನ್ನೊಂದು ಬೇಕಾ?"

ಆ ಚಿಪ್ಪಿನೊಳಗೆ ಒಂದು ಕಾಲದಲ್ಲಿ ಇದ್ದದ್ದು ಕೋನ್ ಬಸವನಹುಳು. ಬಸವನಹುಳು ಅಂದರೆ ನಮಗೆ ಮಳೆಗಾಲದಲ್ಲಿ ಬಚ್ಚಲ ಗೋಡೆ ಹತ್ತುವ ಪಾಪದ ಪ್ರಾಣಿ. ಇಲ್ಲದಿದ್ದರೆ ಗದ್ದೆಯಿಂದ ಹೆಕ್ಕಿ ತಂದು ಪದಾರ್ಥ ಮಾಡುವ ನರ್ತೆ. ಕೋನ್ ಹಾಗಲ್ಲ, ಅದು ಬೇಟೆಗಾರ. ಅದರ ಬಳಗದ ಕೆಲವು ಜಾತಿಗಳು ಜೀವಂತ ಮೀನನ್ನೇ ಹಿಡಿದು ನುಂಗುತ್ತವೆ. ಜಿಯೋಗ್ರಫಿ ಕೋನ್ ಅನ್ನುವ ಜಾತಿ ಮನುಷ್ಯರನ್ನೂ ಕೊಂದಿದೆ. ಅದು ಚುಚ್ಚಿದರೆ ಇವತ್ತಿಗೂ ಪ್ರತಿವಿಷ ಇಲ್ಲ. ವಿಷ ಇಳಿಯುವ ತನಕ ಉಸಿರಾಟದ ಯಂತ್ರ ಹಾಕಿ ಕಾಯುವುದೊಂದೇ ದಾರಿ.

ಈಗ ಈ ಹುಳು ಸುದ್ದಿಯಲ್ಲಿದೆ. 'ಬಸವನಹುಳುವಿನ ವಿಷದಿಂದ ಶುಗರಿಗೆ ಮದ್ದು' ಅನ್ನುವ ಫಾರ್ವರ್ಡ್ ನಮ್ಮ ಮನೆಯ ಗ್ರೂಪಿಗೇ ಮೂರು ಸಲ ಬಂದಿದೆ. ಹೇಳುವ ಧಾಟಿ ಪ್ರತಿಸಲವೂ ಒಂದೇ: ನೋಡಿ, ಇಂಥಾ ವಿಷದೊಳಗೂ ಪ್ರಕೃತಿ ಮದ್ದು ಅಡಗಿಸಿಟ್ಟಿದೆ! ನನಗೆ ಈ ಧಾಟಿಯ ಮೇಲೇ ತಕರಾರು. ಕತೆಯನ್ನು ತಲೆಕೆಳಗಾಗಿ ಹೇಳುತ್ತಿದ್ದಾರೆ. ಅವರು ಮದ್ದು ಅನ್ನುತ್ತಿರುವುದು ಆ ವಿಷದಲ್ಲಿ ಸಿಕ್ಕ ಇನ್ಸುಲಿನ್ನಿಗೆ. ಇನ್ಸುಲಿನ್ ಮೊದಲಿತ್ತು, ವಿಷ ಆಮೇಲೆ ಬಂತು. ದೇಹದೊಳಗಿನ ಮಾಮೂಲಿ ಸರಕನ್ನೇ ಈ ಹುಳು ಎತ್ತಿ ವಿಷ ಮಾಡಿಕೊಂಡಿದೆ. ಹಾಗಿರುವಾಗ ಅದರಲ್ಲಿ ಮದ್ದು ಸಿಕ್ಕಿತು ಅಂದರೆ ಅಂಥಾ ಪವಾಡವೇನಲ್ಲ. ಆಶ್ಚರ್ಯಪಡಲೇಬೇಕು ಅಂತಿದ್ದರೆ ಹುಳುವಿನ ಹೊಟ್ಟೆಪಾಡನ್ನು ನೋಡಿ ಪಡಬೇಕು.

ಅದರ ಕಷ್ಟ ಏನು ಅಂದರೆ, ಓಡಲಿಕ್ಕೆ ಆಗುವುದಿಲ್ಲ. ಮೀನು ತಿನ್ನಬೇಕು, ಆದರೆ ಮೀನಿನ ಹಿಂದೆ ಹೋಗುವ ಹಾಗಿಲ್ಲ. ಚುಚ್ಚಿದ ಮೀನು ಹತ್ತು ಸೆಕೆಂಡು ಈಜಿದರೂ ಸಾಕು, ಆ ಊಟ ಬೇರೆಯವರ ಪಾಲು. ಹಾವಿಗೆ ಈ ಅವಸರ ಇಲ್ಲ. ಕಚ್ಚಿ ಬಿಟ್ಟ ಇಲಿ ಸ್ವಲ್ಪ ದೂರ ಹೋಗಿ ಬಿದ್ದರೂ ವಾಸನೆ ಹಿಡಿದು ಹುಡುಕಿಕೊಂಡು ಹೋಗುತ್ತದೆ. ಬಸವನಹುಳುವಿಗೆ ಬೇಕಾದದ್ದು ನಿಂತಲ್ಲೇ ಬೀಳಿಸುವ ವಿಷ. ಅದರ ಮೈಯಲ್ಲಿ ಆದ ಬದಲಾವಣೆಗಳೆಲ್ಲ ಈ ಒಂದು ಅವಸರದ ಸುತ್ತಲೇ ಸುತ್ತುತ್ತವೆ.

ಮೊದಲು ಹಲ್ಲು. ಸಾಮಾನ್ಯ ಬಸವನಹುಳುವಿನ ಬಾಯಲ್ಲಿ ಅರದಂಥ ಒಂದು ಪಟ್ಟಿ ಇರುತ್ತದೆ, ಅದರ ಮೇಲೆ ಸಾವಿರಾರು ಪುಟ್ಟ ಹಲ್ಲು. ಪಾಚಿ ಕೆರೆದು ತಿನ್ನಲಿಕ್ಕೆ ಅದು ಸಾಕು. ಕೋನಿನಲ್ಲಿ ಪಟ್ಟಿ ಹೋಗಿ ಬಿಡಿ ಹಲ್ಲುಗಳು ಉಳಿದಿವೆ. ಒಂದೊಂದೂ ಉದ್ದ, ಒಳಗೆ ಟೊಳ್ಳು, ತುದಿಯಲ್ಲಿ ಗಾಳದ ಹಾಗೆ ಮುಳ್ಳು. ಈ ಟೊಳ್ಳು ಹೇಗೆ ಬಂತು ಅನ್ನುವುದು ನನಗೆ ತುಂಬ ಇಷ್ಟವಾದ ಸಂಗತಿ. ಕೈಟಿನ್ ಅನ್ನುವ ವಸ್ತುವಿನ ತೆಳು ಹಾಳೆ ಸುರುಳಿ ಸುತ್ತಿಕೊಂಡು ಕೊಳವೆ ಆಗುತ್ತದೆ. ನಮ್ಮೂರಲ್ಲಿ ಬೀಡಿ ಕಟ್ಟುವುದನ್ನು ಪಕ್ಕದಲ್ಲಿ ಕೂತು ನೋಡಿದವರಿಗೆ ಇದನ್ನು ಬೇರೆ ವಿವರಿಸಬೇಕಾಗಿಲ್ಲ. ಎಲೆ ಸುತ್ತಿ, ತುದಿ ಮಡಚಿ, ಪಕ್ಕಕ್ಕೆ ಇಟ್ಟ ಹಾಗೆ ಒಂದು ಚೀಲದಲ್ಲಿ ಹಲವು ಹಲ್ಲು ತಯಾರಾಗುತ್ತಾ ಇರುತ್ತವೆ. ಒಂದು ಹಲ್ಲು ಒಂದೇ ಸಲಕ್ಕೆ. ಚುಚ್ಚಿ ಮುಗಿದ ಮೇಲೆ ಬಿಸಾಡಿ ಇನ್ನೊಂದನ್ನು ಬಾಯಿಯಿಂದ ಚಾಚುವ ಸೊಂಡಿಲಿನ ತುದಿಗೆ ತಂದುಕೊಳ್ಳುತ್ತದೆ. ನಾವು ಒಮ್ಮೆ ಬಳಸಿ ಎಸೆಯುವ ಸಿರಿಂಜ್ ಕಂಡುಹಿಡಿದದ್ದು ಮೊನ್ನೆ ಮೊನ್ನೆ, ಅಲ್ವಾ?

ಇನ್ನು ವಿಷದ ಕಾರ್ಖಾನೆ. ಚಿಪ್ಪಿನೊಳಗೆ ಮಡಚಿ ಮಡಚಿ ಇಟ್ಟ ಉದ್ದದ ಕೊಳವೆ ಅದು. ಬಿಡಿಸಿದರೆ ಹುಳುವಿಗಿಂತ ಎಷ್ಟೋ ಉದ್ದ. ಅದರ ಒಂದು ಕೊನೆಯಲ್ಲಿ ಸ್ನಾಯುವಿನ ಗುಳ್ಳೆ ಇದೆ, ಅದು ಹಿಂಡಿದರೆ ವಿಷ ಮುಂದೆ ಹೋಗುತ್ತದೆ. ಮರಿಹುಳು ಬೆಳೆಯುವುದನ್ನು ಹಂತ ಹಂತವಾಗಿ ಸೀಳಿ ನೋಡಿದವರಿಗೆ ಕಂಡದ್ದು ಏನೆಂದರೆ, ಈ ಕೊಳವೆ ಅನ್ನನಾಳದ ಗೋಡೆಯಿಂದಲೇ ಕಿತ್ತುಕೊಂಡು ಬೇರೆಯಾಗುತ್ತದೆ. ಊಟ ಇಳಿಯುವ ದಾರಿಯ ಒಂದು ಪಾಲು ಊಟ ಹಿಡಿಯುವ ಕೆಲಸಕ್ಕೆ ವರ್ಗವಾಗಿದೆ. ಹೊಸ ಅಂಗ ಏನೂ ಆಕಾಶದಿಂದ ಇಳಿದು ಬರಲಿಲ್ಲ.

ಮಲ್ಪೆಯಿಂದ ಬೋಟಿನಲ್ಲಿ ಹೋಗುವ ಸೈಂಟ್ ಮೇರೀಸ್ ದ್ವೀಪದ ಕಂಬಗಲ್ಲುಗಳಿಗೆ ಸುಮಾರು 8.8 ಕೋಟಿ ವರ್ಷ ವಯಸ್ಸು. ಕೋನ್ ವಂಶ ಶುರುವಾದದ್ದು ಸುಮಾರು 5.5 ಕೋಟಿ ವರ್ಷದ ಹಿಂದೆ. ಅಂದರೆ ನಾವು ಸೆಲ್ಫಿಗೆ ಒರಗಿ ನಿಲ್ಲುವ ಆ ಕಲ್ಲಿಗಿಂತ ಈ ಹುಳು ತುಂಬಾ ಚಿಕ್ಕದು. ಅಷ್ಟು ಸಮಯದಲ್ಲಿ ಅದು 700ಕ್ಕೂ ಹೆಚ್ಚು ಜಾತಿಗಳಾಗಿ ಕವಲೊಡೆದಿದೆ. ಒಂದೊಂದು ಜಾತಿಯ ವಿಷದಲ್ಲೂ ನೂರಕ್ಕೂ ಹೆಚ್ಚು ಬಗೆಯ ಪೆಪ್ಟೈಡ್‌ಗಳಿವೆ. ಪೆಪ್ಟೈಡ್ ಅಂದರೆ ಪ್ರೋಟೀನಿನ ಚಿಕ್ಕ ತುಂಡು. ಇಲ್ಲಿಯವು ಹೆಚ್ಚಾಗಿ ಹತ್ತರಿಂದ ನಲವತ್ತು ಅಮೈನೋ ಆಮ್ಲಗಳ ಸರ. ಇವಕ್ಕೆ ಕೋನೋಟಾಕ್ಸಿನ್ ಅಂತ ಹೆಸರು. ಒಂದು ಜಾತಿಯ ಪಟ್ಟಿ ಇನ್ನೊಂದು ಜಾತಿಯ ಪಟ್ಟಿಗೆ ಹೊಂದುವುದು ಬಹಳ ಕಮ್ಮಿ.

ಇಷ್ಟು ಬಗೆ ಎಲ್ಲಿಂದ ಬಂತು? ನಕಲಿನಿಂದ. ಜೀನ್ ಕೆಲವೊಮ್ಮೆ ತಪ್ಪಿ ಎರಡು ಪ್ರತಿಯಾಗುತ್ತದೆ. ಒಂದು ಪ್ರತಿ ಹಳೆ ಕೆಲಸ ನೋಡಿಕೊಂಡರೆ ಇನ್ನೊಂದಕ್ಕೆ ತಪ್ಪು ಮಾಡುವ ಸ್ವಾತಂತ್ರ್ಯ ಸಿಗುತ್ತದೆ. ತಪ್ಪುಗಳಲ್ಲಿ ಹೆಚ್ಚಿನವು ದಂಡ. ಯಾವುದೋ ಒಂದು ತಪ್ಪು ಮೀನಿನ ನರಕ್ಕೆ ಇನ್ನೂ ಚೆನ್ನಾಗಿ ಕಚ್ಚಿಕೊಂಡರೆ ಅದು ಉಳಿಯುತ್ತದೆ, ಮತ್ತೆ ನಕಲಾಗುತ್ತದೆ. 1999ರಲ್ಲಿ ಥಾಮಸ್ ಡ್ಯೂಡಾ ಮತ್ತು ಸ್ಟೀಫನ್ ಪಲುಂಬಿ ಅನ್ನುವ ವಿಜ್ಞಾನಿಗಳು ಈ ಜೀನ್‌ಗಳನ್ನು ಓದಿ ನೋಡಿದರು. ಇವು ನಕಲಾಗುವುದೂ ಬದಲಾಗುವುದೂ ವಿಪರೀತ ವೇಗದಲ್ಲಿ ಅಂತ ಅವರಿಗೆ ಗೊತ್ತಾಯಿತು. ಇನ್ನೂ ಮಜಾ ಏನು ಅಂದರೆ, ಬದಲಾವಣೆ ಜೀನಿನ ಉದ್ದಕ್ಕೂ ಒಂದೇ ತರ ಇಲ್ಲ. ತಯಾರಾದ ಸರಕನ್ನು ಕೋಶದಿಂದ ಹೊರಗೆ ಕಳಿಸುವ ವಿಳಾಸದ ಭಾಗ ಹೆಚ್ಚುಕಮ್ಮಿ ಹಾಗೇ ಇದೆ. ಪೆಪ್ಟೈಡನ್ನು ಮಡಚಿ ಹಿಡಿಯುವ ಗಂಧಕದ ಹೊಲಿಗೆಗಳೂ ಬದಲಾಗುವುದು ಅಪರೂಪ. ಹೊಲಿಗೆಗಳ ನಡುವಿನ ಬಟ್ಟೆ ಮಾತ್ರ ಮನಸ್ಸಿಗೆ ಬಂದ ಹಾಗೆ ಬದಲಾಗುತ್ತದೆ. ಲಕೋಟೆ ಒಂದೇ, ಒಳಗಿನ ಕಾಗದ ಪ್ರತಿಸಲ ಬೇರೆ.

ಈಗ ನಿಜವಾದ ಒಗಟಿಗೆ ಬರೋಣ. ಕೋನ್ ಜಾತಿಗಳಲ್ಲಿ ಹೆಚ್ಚಿನವು ಈಗಲೂ ಕಡಲ ಹುಳ ತಿಂದು ಬದುಕುತ್ತವೆ. ಸ್ವಲ್ಪ ಜಾತಿಗಳು ಬೇರೆ ಬಸವನಹುಳುಗಳನ್ನು ತಿನ್ನುತ್ತವೆ. ಮೀನು ಹಿಡಿಯುವವು ಅಲ್ಪಸಂಖ್ಯಾತರು. ವಂಶವೃಕ್ಷ ನೋಡಿದರೆ ಹುಳ ತಿನ್ನುವುದೇ ಹಳೆಯ ಕಸುಬು. ಹಾಗಾದರೆ ಮಣ್ಣಿನ ಹುಳ ಹೆಕ್ಕುತ್ತಿದ್ದವನು ಮೀನಿಗೆ ಹೇಗೆ ಕೈ ಹಾಕಿದ? ಮೀನಿನ ನರ ಬೇರೆ, ಹುಳದ ನರ ಬೇರೆ. ಹುಳಕ್ಕೆ ಹದ ಮಾಡಿದ ವಿಷ ಮೀನಿನ ಮೇಲೆ ನಡೆಯುವುದಿಲ್ಲ. ಅರ್ಧಂಬರ್ಧ ನಡೆದರೆ ಮೀನು ಓಡಿಹೋಗುತ್ತದೆ, ಬಸವನಹುಳು ಉಪವಾಸ. ಮಧ್ಯದ ಮೆಟ್ಟಿಲು ಎಲ್ಲಿ?

ಇದಕ್ಕೆ ನನಗೆ ಒಪ್ಪಿಗೆಯಾಗುವ ಉತ್ತರ ಒಂದೇ: ಮೊದಲು ಬಂದದ್ದು ಬೇಟೆಯ ವಿಷ ಅಲ್ಲ, ಜೀವ ಉಳಿಸಿಕೊಳ್ಳುವ ವಿಷ. ನಿಧಾನದ ಹುಳುವನ್ನು ಮೀನು ಬಿಡುತ್ತದಾ? ಮೀನಿಗೆ ಹೆದರಿ ಬದುಕುತ್ತಿದ್ದ ಕಾಲದಲ್ಲೇ ಮೀನಿನ ನರಕ್ಕೆ ತಾಗುವ ವಿಷ ಇದರ ಕೈಯಲ್ಲಿತ್ತು. ಆಮೇಲೆ ಒಂದಲ್ಲ ಒಂದು ದಿನ ಓಡಿಸಲಿಕ್ಕೆ ಇಟ್ಟುಕೊಂಡ ಕೋಲಿನಿಂದಲೇ ಹೊಡೆದು ತಿನ್ನಲಿಕ್ಕೆ ಶುರುಮಾಡಿತು.

ಸುಮ್ನೆ ಊಹೆ ಅಲ್ಲ ಇದು. 2014ರಲ್ಲಿ ಜಿಯೋಗ್ರಫಿ ಕೋನನ್ನು ಎರಡು ರೀತಿ ಕೆಣಕಿ ನೋಡಿದರು. ಮೀನು ತೋರಿಸಿದಾಗ ಒಂದು ಮಿಶ್ರಣ ಬಂತು, ಹೆದರಿಸಿದಾಗ ಬೇರೆಯೇ ಮಿಶ್ರಣ. ಎರಡೂ ಒಂದೇ ಕೊಳವೆಯಿಂದ, ಆದರೆ ಬೇರೆ ಬೇರೆ ಭಾಗದಿಂದ. ಬಾಯಿಯ ಹತ್ತಿರದ ಪಾಲಿನಲ್ಲಿ ಬೇಟೆಯ ವಿಷ, ಗುಳ್ಳೆಯ ಹತ್ತಿರದ ಪಾಲಿನಲ್ಲಿ ರಕ್ಷಣೆಯದು. ಮೀನಿಗೆ ಬಳಸುವ ಮಿಶ್ರಣ ಮನುಷ್ಯರ ನರದ ಮೇಲೆ ಹೆಚ್ಚೇನೂ ಮಾಡುವುದಿಲ್ಲ. ಜನ ಸಾಯುವುದು ಹೆದರಿಕೆಯ ಮಿಶ್ರಣದಿಂದ. ಚಿಪ್ಪು ಚೆಂದ ಇದೆ ಅಂತ ಎತ್ತಿ ಜೇಬಿಗೆ ಹಾಕಿಕೊಂಡವರನ್ನು ಹುಳು ಚುಚ್ಚುವುದು ತಿನ್ನಲಿಕ್ಕಲ್ಲ, ಪಾಪ, ತಪ್ಪಿಸಿಕೊಳ್ಳಲಿಕ್ಕೆ.

ಮಾರನೇ ವರ್ಷ ಇನ್ನೊಂದು ಸಾಕ್ಷಿ ಸಿಕ್ಕಿತು. ಬರೀ ಹುಳ ತಿನ್ನುವ ಕೋನಸ್ ಸುಟುರಾಟಸ್ ಅನ್ನುವ ಜಾತಿಯ ವಿಷದಲ್ಲಿ ಬೆನ್ನೆಲುಬಿನ ಪ್ರಾಣಿಗಳ ನರಕ್ಕೆ ತಾಗುವ ಟಾಕ್ಸಿನ್ ಇತ್ತು. ಇಲಿಗೆ ಚುಚ್ಚಿದರೆ ನೋವು. ಹುಳ ತಿನ್ನುವವನಿಗೆ ಇದು ಯಾತಕ್ಕೆ? ತೊರಕೆ ಮೀನಿನ ಬಾಲದ ಮುಳ್ಳು ತಾಗಿಸಿಕೊಂಡ ಯಾರನ್ನಾದರೂ ಬಂದರಿನ ದಕ್ಕೆಯಲ್ಲಿ ಕೇಳಿ ನೋಡಿ. ಜೀವ ಹೋಗುವ ಉರಿ. ತೊರಕೆಯ ವಿಷದ ಕೆಲಸವೇ ಅದು, ಎದುರಿನವನು ಮತ್ತೆ ಹತ್ತಿರ ಬರಬಾರದು. ಮೀನು ತಿನ್ನುವ ಕೋನ್‌ಗಳು ಬಳಸುವ ಮಿಂಚಿನ ಟಾಕ್ಸಿನ್ ಕೂಡ ಇದೇ ಕುಟುಂಬದ್ದು. ಮಧ್ಯದ ಮೆಟ್ಟಿಲು ಇಲ್ಲಿ ಕಾಣುತ್ತದೆ.

ಮಿಂಚು ಅಂದದ್ದು ಉತ್ಪ್ರೇಕ್ಷೆ ಅಲ್ಲ. ನರದಲ್ಲಿ ಸುದ್ದಿ ಓಡುವುದು ಸೋಡಿಯಂ ಒಳಗೆ ನುಗ್ಗಿದಾಗ. ಪೊಟ್ಯಾಸಿಯಂ ಹೊರಗೆ ಹೋದ ಮೇಲೆ ನರ ಮತ್ತೆ ಶಾಂತ. ಕೋನಿನ ಒಂದು ಟಾಕ್ಸಿನ್ ಸೋಡಿಯಂ ಬಾಗಿಲು ಮುಚ್ಚದ ಹಾಗೆ ಹಿಡಿಯುತ್ತದೆ. ಇನ್ನೊಂದು ಪೊಟ್ಯಾಸಿಯಂ ಬಾಗಿಲನ್ನು ಅಡ್ಡಗಟ್ಟುತ್ತದೆ. ಸ್ವಿಚ್ ಆನ್ ಆದಲ್ಲೇ ಸಿಕ್ಕಿಬಿದ್ದ ಹಾಗೆ ಮೀನಿನ ಮೈಯೆಲ್ಲ ಒಮ್ಮೆಲೇ ಸೆಟೆದುಕೊಳ್ಳುತ್ತದೆ, ರೆಕ್ಕೆಗಳು ಬಿಡಿಸಿಕೊಂಡು ಗಟ್ಟಿ. ಅಷ್ಟರಲ್ಲಿ ಎರಡನೇ ಪಡೆ ಬರುತ್ತದೆ. ಅದು ನರದಿಂದ ಸ್ನಾಯುವಿಗೆ ಹೋಗುವ ಸುದ್ದಿಯನ್ನೇ ಕಡಿದು ಮೀನನ್ನು ಮೆತ್ತಗೆ ಮಾಡುತ್ತದೆ. ಮುಳ್ಳಿರುವ ಹಲ್ಲು ಮೀನಿನ ಮೈಯಲ್ಲಿ ಕಚ್ಚಿಕೊಂಡಿರುತ್ತದೆ, ಅದರ ಹಿಂದಿನ ತುದಿ ಸೊಂಡಿಲಿನ ಹಿಡಿತದಲ್ಲಿ. ಎಳೆದುಕೊಂಡರೆ ಆಯಿತು. ಇದು ಗಾಳದ ಬೇಟೆ.

ಜಿಯೋಗ್ರಫಿ ಕೋನಿನದು ಬಲೆಯ ಬೇಟೆ. ಬಾಯನ್ನು ದೊಡ್ಡ ಚೀಲದ ಹಾಗೆ ಅಗಲಿಸಿ ಮೀನುಗಳ ಕಡೆಗೆ ನಿಧಾನ ಚಾಚುತ್ತದೆ. ಮೀನುಗಳು ಮಂಪರು ಬಂದವರ ಹಾಗೆ ಸುಮ್ಮನೆ ಒಳಗೆ ಹೋಗುತ್ತವೆ! ಎಷ್ಟೋ ವರ್ಷ ಇದು ಯಾಕೆ ಅಂತ ಅರ್ಥವಾಗಿರಲಿಲ್ಲ. 2015ರಲ್ಲಿ ಹೆಲೆನಾ ಸಫಾವಿ ಮತ್ತು ಜೊತೆಗಾರರು ಇದರ ವಿಷದಲ್ಲಿ ಇನ್ಸುಲಿನ್ ಇದೆ ಅಂತ ತೋರಿಸಿದರು. ಅದೂ ಬಸವನಹುಳುವಿನ ಇನ್ಸುಲಿನ್ ತರ ಅಲ್ಲ, ಮೀನಿನದರ ತರ. ಪ್ರಯೋಗದಲ್ಲಿ ಅದನ್ನು ಮೀನಿಗೆ ಚುಚ್ಚಿದಾಗ ರಕ್ತದ ಸಕ್ಕರೆ ಇಳಿಯಿತು. ನೀರಿಗೆ ಬೆರೆಸಿದಾಗ ಮೀನಿನ ಈಜು ಕಮ್ಮಿಯಾಯಿತು. ಶುಗರ್ ಇರುವವರು ಮಾತ್ರೆ ನುಂಗಿ ಊಟ ಮರೆತಾಗ ಕೈಕಾಲು ನಡುಗಿ ಕಣ್ಣು ಕತ್ತಲೆ ಬರುತ್ತದಲ್ಲ, ಹೆಚ್ಚುಕಮ್ಮಿ ಅದೇ ಸ್ಥಿತಿ.

ಇನ್ಸುಲಿನ್ ಎಲ್ಲಿಂದ ಬಂತು ಅಂದರೆ, ಹುಳುವಿನ ಮೈಯಲ್ಲೇ ಇತ್ತು. ಎಲ್ಲ ಬಸವನಹುಳುಗಳ ನರಗಂಟುಗಳಲ್ಲೂ ಇನ್ಸುಲಿನ್ ತಯಾರಾಗುತ್ತದೆ, ತಮ್ಮದೇ ಮೈಯ ಲೆಕ್ಕಾಚಾರಕ್ಕೆ. ಆ ಜೀನಿನ ಒಂದು ನಕಲು ವಿಷದ ಕೊಳವೆಗೆ ಸೇರಿತು. ಸೇರಿದ ಮೇಲೆ ಬೇಟೆಯ ಇನ್ಸುಲಿನ್ನಿನ ಕಡೆಗೆ ವಾಲುತ್ತಾ ಹೋಯಿತು. ಬಸವನಹುಳು ತಿನ್ನುವ ಟೆಕ್ಸ್‌ಟೈಲ್ ಕೋನ್ ಭಾರತದ ಕಡಲಲ್ಲೂ ಇದೆ. ಅದರ ವಿಷದಲ್ಲಿರುವ ಇನ್ಸುಲಿನ್ ಬಸವನಹುಳುವಿನದರ ಹಾಗೇ ಇದೆ. ಯಾರನ್ನು ತಿನ್ನಬೇಕೋ ಅವರ ಮನೆಯ ಬೀಗಕ್ಕೆ ತಕ್ಕ ಕೀ.

ಮೀನಿನ ಪಾಲಿನ ಈ ಇನ್ಸುಲಿನ್ನಿಗೆ ಅವಸರ ಬೇರೆ ಇದೆ. ನಮ್ಮ ಇನ್ಸುಲಿನ್ ಆರಾರು ಒಟ್ಟಿಗೆ ಅಂಟಿಕೊಂಡು ದಾಸ್ತಾನಾಗಿರುತ್ತದೆ. ಚುಚ್ಚಿಕೊಂಡ ಮೇಲೆ ಅವು ಬಿಡಿಬಿಡಿಯಾಗಬೇಕು, ಅದಕ್ಕೆ ಸಮಯ ಹಿಡಿಯುತ್ತದೆ. ಊಟಕ್ಕೆ ಮೊದಲೇ ಇಂಜೆಕ್ಷನ್ ತಗೊಳ್ಳಿ ಅನ್ನುವುದರ ಹಿಂದೆ ಈ ಕಾರಣವೂ ಇದೆ. ಅಂಟಿಕೊಳ್ಳಲಿಕ್ಕೆ ಬೇಕಾದ ಬಾಲವನ್ನು ಕೋನ್ ಕತ್ತರಿಸಿ ಹಾಕಿದೆ. ಮನುಷ್ಯರ ಇನ್ಸುಲಿನ್ನಿನಲ್ಲಿ 51 ಅಮೈನೋ ಆಮ್ಲ, ಇದರಲ್ಲಿ 43. ನಾವು ಅದೇ ಬಾಲ ಕತ್ತರಿಸಿದರೆ ಇನ್ಸುಲಿನ್ ಕೆಲಸವನ್ನೇ ಹೆಚ್ಚುಕಮ್ಮಿ ಬಿಟ್ಟುಬಿಡುತ್ತದೆ. ಕೋನಿನದು ಬಾಲ ಇಲ್ಲದೆಯೂ ದುಡಿಯುತ್ತದೆ. ಬೇಗ ಕೆಲಸ ಮಾಡುವ ಇನ್ಸುಲಿನ್ ಹುಡುಕುವವರಿಗೆ ಆಸಕ್ತಿ ಇರುವುದು ಈ ಉಪಾಯದ ಮೇಲೆ. ವಿಷವನ್ನೇ ಬಾಟಲಿಗೆ ತುಂಬಿ ಮಾರುವ ಯೋಚನೆ ಯಾರದ್ದೂ ಅಲ್ಲ. ಫಾರ್ವರ್ಡ್ ಮಾಡುವವರಿಗೆ ಇಷ್ಟು ಹೇಳಿದರೆ ಸಾಕು.

2024ರ ಸುದ್ದಿ ಇದಕ್ಕೆ ಇನ್ನೊಂದು ತುಂಡು ಜೋಡಿಸಿತು. ಸಕ್ಕರೆ ಇಳಿದಾಗ ದೇಹ ಸುಮ್ಮನಿರುವುದಿಲ್ಲ, ಗ್ಲುಕಗಾನ್ ಅನ್ನುವ ಹಾರ್ಮೋನು ಬಿಟ್ಟು ಮತ್ತೆ ಏರಿಸುತ್ತದೆ. ಜಿಯೋಗ್ರಫಿ ಕೋನಿನ ವಿಷದಲ್ಲಿ ಅದನ್ನೂ ತಡೆಯುವ ಪೆಪ್ಟೈಡ್ ಸಿಕ್ಕಿದೆ. ಸೊಮ್ಯಾಟೋಸ್ಟ್ಯಾಟಿನ್ ಅನ್ನುವ ನಮ್ಮ ಮೈಯ ಹಾರ್ಮೋನಿನ ವೇಷ ಹಾಕಿದ್ದು ಅದು. ಒಬ್ಬ ಬೀಳಿಸುತ್ತಾನೆ, ಇನ್ನೊಬ್ಬ ಏಳದ ಹಾಗೆ ಹಿಡಿಯುತ್ತಾನೆ. ನಮ್ಮ ಸೊಮ್ಯಾಟೋಸ್ಟ್ಯಾಟಿನ್ ರಕ್ತದಲ್ಲಿ ಕೆಲವೇ ನಿಮಿಷ ಉಳಿಯುತ್ತದೆ. ಹುಳುವಿನದು ತುಂಬ ಹೊತ್ತು ಬಾಳುತ್ತದೆ, ಯಾಕೆಂದರೆ ಅದರ ಒಂದು ಅಮೈನೋ ಆಮ್ಲ ಕನ್ನಡಿಯಲ್ಲಿ ಕಂಡ ಹಾಗೆ ತಿರುಗುಮುರುಗು. ಆಕ್ಟ್ರಿಯೊಟೈಡ್ ಅನ್ನುವ ಮದ್ದು ತಯಾರಿಸಿದ ರಸಾಯನಶಾಸ್ತ್ರಜ್ಞರೂ ಸೊಮ್ಯಾಟೋಸ್ಟ್ಯಾಟಿನ್ ಬಾಳಿಕೆ ಬರಲಿ ಅಂತ ಇದೇ ಉಪಾಯ ಮಾಡಿದ್ದರು. ಹುಳು ಅವರಿಗಿಂತ ಎಷ್ಟೋ ಮೊದಲೇ ಮಾಡಿಟ್ಟಿತ್ತು.

ಈ ಓದಿಗೆ ದಾರಿ ಹಾಕಿದ ಬಾಲ್ಡೊಮೇರೊ ಒಲಿವೇರಾ ಫಿಲಿಪ್ಪೀನ್ಸಿನವರು. ಅಮೆರಿಕದಿಂದ ಮನಿಲಾಗೆ ವಾಪಸ್ ಬಂದಾಗ ಅವರ ಲ್ಯಾಬಿನಲ್ಲಿ ಸಲಕರಣೆಯೇ ಇರಲಿಲ್ಲ. ಊರ ಮೀನುಗಾರರ ಹತ್ತಿರ ಏನು ಸಿಗುತ್ತದೆ ನೋಡೋಣ ಅಂತ ಕೋನ್ ಹಿಡಿದರು. ಆಮೇಲೆ ಅಮೆರಿಕದ ಯೂಟಾ ವಿಶ್ವವಿದ್ಯಾಲಯದಲ್ಲಿ ಕ್ರೇಗ್ ಕ್ಲಾರ್ಕ್ ಅನ್ನುವ ವಿದ್ಯಾರ್ಥಿ ವಿಷವನ್ನು ಬಿಡಿಬಿಡಿಯಾಗಿ ಬೇರ್ಪಡಿಸಿ ನೇರ ಇಲಿಯ ಮೆದುಳಿಗೇ ಚುಚ್ಚಿ ನೋಡಿದ. ಒಂದು ಪಾಲಿಗೆ ಇಲಿ ನಡುಗಿತು, ಒಂದಕ್ಕೆ ಸುತ್ತು ಹೊಡೆಯಿತು. ಇನ್ನೊಂದಕ್ಕೆ ಎರಡು ವಾರದೊಳಗಿನ ಮರಿಗಳು ನಿದ್ದೆ ಹೋದವು, ದೊಡ್ಡ ಇಲಿಗಳು ಹುಚ್ಚೆದ್ದು ಓಡಿದವು. ಅಲ್ಲಿವರೆಗೆ ವಿಷ ಅಂದರೆ ಒಂದು ವಸ್ತು ಅಂದುಕೊಂಡಿದ್ದವರಿಗೆ ಇದು ನೂರು ಕೀಗಳ ಗೊಂಚಲು ಅಂತ ಅರ್ಥವಾಯಿತು.

ಅದರಲ್ಲಿ ಒಂದು ಕೀ ಮದ್ದಾಯಿತು. ಹೈಸ್ಕೂಲು ಮುಗಿಸಿ ಬಂದ ಮೈಕೆಲ್ ಮ್ಯಾಕಿಂಟಾಶ್ ಅನ್ನುವ ಹುಡುಗ ಮ್ಯಾಜಿಶಿಯನ್ ಕೋನ್ ವಿಷದಲ್ಲಿ ಕಂಡ 25 ಅಮೈನೋ ಆಮ್ಲದ ಪೆಪ್ಟೈಡ್ ಅದು. ಬೆನ್ನುಹುರಿಯಲ್ಲಿ ನೋವಿನ ಸುದ್ದಿ ದಾಟಿಸುವ ಕ್ಯಾಲ್ಸಿಯಂ ಬಾಗಿಲನ್ನು ಅದು ಮುಚ್ಚುತ್ತದೆ. ಝಿಕೊನೊಟೈಡ್ ಅನ್ನುವ ಹೆಸರಲ್ಲಿ 2004ರ ಡಿಸೆಂಬರಿನಲ್ಲಿ ಅಮೆರಿಕದ ಮದ್ದುಗಳಿಗೆ ಒಪ್ಪಿಗೆ ಕೊಡುವ ಸಂಸ್ಥೆ ಎಫ್‌ಡಿಎ ಇದನ್ನು ಒಪ್ಪಿತು. ಮಾರ್ಫಿನ್ ತರ ಚಟ ಹಿಡಿಸುವುದಿಲ್ಲ. ಆದರೆ ಬೆನ್ನುಹುರಿಯ ನೀರಿಗೇ ಪಂಪ್ ಇಟ್ಟು ಹನಿ ಹನಿ ಬಿಡಬೇಕು. ಪ್ರಮಾಣ ಸ್ವಲ್ಪ ಹೆಚ್ಚಾದರೆ ಗೊಂದಲ, ಭ್ರಮೆ. ಮಾತ್ರೆ ಮಾಡಿ ಮೆಡಿಕಲ್ ಶಾಪಲ್ಲಿ ಇಡುವ ಸರಕಲ್ಲ ಅದು.

ನಮ್ಮ ದೇಶದಲ್ಲೂ ಕೆಲಸ ಆಗಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪಿ. ಬಲರಾಂ ಮತ್ತು ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಕೆ.ಎಸ್. ಕೃಷ್ಣನ್ ಅವರ ತಂಡಗಳು ಕೋನಸ್ ಅಮಾಡಿಸ್ ಮುಂತಾದ ಭಾರತದ ಕೋನ್‌ಗಳ ವಿಷ ಬಿಡಿಸಿ ಓದಿದವು. ಕೋನಸ್ ಮಿಲ್ನಿಎಡ್ವರ್ಡ್ಸಿ ಅನ್ನುವ ಉದ್ದ ಚಿಪ್ಪಿನ ಸುಂದರಿಗೆ ವನ್ಯಜೀವಿ ಕಾಯ್ದೆಯ ರಕ್ಷಣೆಯೂ ಇದೆ. ಉಳಿದವುಗಳ ಪಾಡು ಬೇರೆ. ಟ್ರಾಲ್ ಬಲೆ ಕಡಲ ನೆಲವನ್ನು ಗುಡಿಸಿದಾಗ ಬಂಗುಡೆಯ ಹಾಗೆ ಬುಟ್ಟಿಗೆ ಹೋಗದ ಸರಕೆಲ್ಲ ಒಂದು ರಾಶಿ, ಅದು ಫಿಶ್‌ಮೀಲ್ ಲಾರಿಗೆ. ಆ ರಾಶಿಯಲ್ಲಿ ಚಿಪ್ಪಿನ ಪ್ರಾಣಿಗಳ ಹೆಸರು ಕೇಳುವವರು ಯಾರು? 2013ರಲ್ಲಿ ಜಗತ್ತಿನ 632 ಕೋನ್ ಜಾತಿಗಳ ಸ್ಥಿತಿ ಲೆಕ್ಕ ಹಾಕಿದಾಗ 67 ಜಾತಿಗಳು ಅಪಾಯದಲ್ಲೋ ಅದರ ಅಂಚಿನಲ್ಲೋ ಇದ್ದವು. ಒಂದೊಂದು ಜಾತಿಯ ಗೊಂಚಲೂ ಬೇರೆ ಅಂದಮೇಲೆ ಈ ಲೆಕ್ಕವನ್ನು ಬರೀ ಚಿಪ್ಪಿನ ಲೆಕ್ಕ ಅಂತ ಓದಲಿಕ್ಕೆ ನನಗೆ ಆಗುವುದಿಲ್ಲ.

ಒಂದೇ ಜಾತಿಗೆ ಒಂದೇ ಗೊಂಚಲು ಅನ್ನುವುದೂ ಪೂರ್ತಿ ಸರಿ ಅಲ್ಲ. ಝಿಕೊನೊಟೈಡ್ ಕೊಟ್ಟ ಅದೇ ಮ್ಯಾಜಿಶಿಯನ್ ಕೋನಿನ ಮರಿಗಳನ್ನು ಸಾಕಿ ನೋಡಿದವರು 2023ರಲ್ಲಿ ಬರೆದಿದ್ದಾರೆ: ಮರಿ ಮೀನು ತಿನ್ನುವುದಿಲ್ಲ, ಹುಳ ತಿನ್ನುತ್ತದೆ. ಅದರ ಹಲ್ಲಿನ ಆಕಾರ ಬೇರೆ, ವಿಷವೂ ಬೇರೆ. ದೊಡ್ಡದಾಗುತ್ತಾ ಹಲ್ಲು, ವಿಷ, ಹಿಡಿಯುವ ರೀತಿ ಎಲ್ಲವನ್ನೂ ಒಟ್ಟಿಗೆ ಬದಲಿಸಿ ಮೀನಿಗೆ ಇಳಿಯುತ್ತದೆ. ವಂಶಕ್ಕೆ ಕೋಟ್ಯಂತರ ವರ್ಷ ಹಿಡಿದ ಬದಲಾವಣೆಯನ್ನು ಒಂದು ಹುಳು ತನ್ನ ಆಯುಷ್ಯದಲ್ಲೇ ಮಾಡಿ ಮುಗಿಸುತ್ತದೆ.

ನನ್ನ ಕೀ ಬಂಚಿನ ಚಿಪ್ಪಿನಲ್ಲಿ ಇದ್ದವನು ಹುಳ ತಿನ್ನುತ್ತಿದ್ದನೋ, ಮೀನು ತಿನ್ನುತ್ತಿದ್ದನೋ? ಹಲ್ಲಿನ ಚೀಲ ಸಿಕ್ಕಿದ್ದರೆ ಹೇಳಬಹುದಿತ್ತು. ಅದು ಹುಳುವಿನ ಜೊತೆಗೇ ಹೋಗಿದೆ. ಈಗ ಅಗಲದ ತುದಿಯ ಸುರುಳಿಯಲ್ಲಿ ಡ್ರಿಲ್ ಹಾಕಿದ ತೂತು ಇದೆ, ಅದಕ್ಕೊಂದು ಸ್ಟೀಲ್ ರಿಂಗ್, ರಿಂಗಿಗೆ ನಮ್ಮ ಮನೆಯ ಗೋದ್ರೇಜ್ ಬೀಗದ ಕೀ.